ಪೈಪುಗಳಿಗೆ ನಂಬರು ಬರೆದ ಮಳೆಗಾಲ

ನಮ್ಮ ಪಕ್ಕದ ಮನೆಯನ್ನು ಕೆಡವಿ ಮೂರು ಅಂತಸ್ತು ಕಟ್ಟುತ್ತಿದ್ದಾರೆ. ಹೋದ ವಾರ ತಾರಸಿ ಹಾಕಿದರು. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹೊಸ ಸಿಮೆಂಟಿಗೆ ನೀರು ಕಟ್ಟಿದಾಗ ಅದರ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಹೋದಳು. ಇರಲಿ ಬಿಡೇ, ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ ಅಂದೆ. ಅವಳು ನನ್ನನ್ನು ಒಂದು ಥರ ನೋಡಿ ಹೋದಳು. ಹಸಿ ಸಿಮೆಂಟಿನ ವಾಸನೆ ಹಿಡಿಯುತ್ತಾ ಕೂರುವ ಅತ್ತೆ ಅವಳ ಪಾಲಿಗೆ ಬಂದಿದ್ದಾಳೆ, ಪಾಪ.

ಆ ವಾಸನೆ ಎಂದರೆ ನನಗೆ ಒಂದೇ ಒಂದು ಮಳೆಗಾಲ. ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಯಿತಲ್ಲ, ಅದರ ಮರುವರ್ಷ. ನನಗೆ ಇಪ್ಪತ್ತೊಂದು ವಯಸ್ಸು, ಮದುವೆಯಾಗಿ ಎರಡು ವರ್ಷ. ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಹೆಮ್ಮೆಪಟ್ಟುಕೊಂಡು ಹೇಳುವ ವಿಷಯ. ವಯಸ್ಸಾದವರು ವಿನಯದಿಂದ ಮಾತಾಡಬೇಕು ಎನ್ನುತ್ತಾರೆ. ನನಗೆ ಅದು ಎಂದೂ ಬರಲಿಲ್ಲ. ನಾನು ಮಾಡಿದ ದೊಡ್ಡ ತಪ್ಪೊಂದೂ ಇದರಲ್ಲಿದೆ. ಅದನ್ನೂ ಮುಚ್ಚಿಡುವುದಿಲ್ಲ.

ರಾಜಾಜಿನಗರ ಆಗ ಅರ್ಧ ನೆಲದ ಮೇಲಿತ್ತು, ಅರ್ಧ ನಕ್ಷೆಯಲ್ಲಿತ್ತು. ರಸ್ತೆ ಎಂದು ಗುರುತು ಹಾಕಿದ್ದಲ್ಲಿ ಇನ್ನೂ ರಾಗಿ ಕೂಳೆ. ಸೈಟಿಗೊಂದು ಕಲ್ಲು ನೆಟ್ಟು ನಂಬರು ಕೊರೆದಿದ್ದರು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಸಂಜೆ ದೀಪ ಹಚ್ಚಿದರೆ ನಮ್ಮ ಬೀದಿಯಲ್ಲಿ ಒಟ್ಟು ಐದು ಬೆಳಕು ಕಾಣುತ್ತಿತ್ತು. ಯಜಮಾನರಿಗೆ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ನಾನು, ಅವರು, ನಮ್ಮತ್ತೆ ಸುಬ್ಬಮ್ಮ. ಅತ್ತೆಯದು ಭಾರಿ ಮಡಿ. ಬಾವಿ ನೀರು ಬಿಟ್ಟು ನಲ್ಲಿ ನೀರು ಕುಡಿಯಲು ಒಪ್ಪಿದ್ದೇ ಆರು ತಿಂಗಳಾದ ಮೇಲೆ. ನನಗೋ ಸ್ವಂತ ಮನೆಯ ಸಡಗರ. ಬಾಗಿಲ ಮೇಲೆ ನಂಬರು ಬರೆಸಿದ ದಿನ ನೆಂಟರಿಷ್ಟರಿಗೆಲ್ಲ ಕಾರ್ಡು ಹಾಕಿ, ಮೂಲೆಯಲ್ಲಿ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದಿದ್ದೆ. ಬರೆಯುವುದಕ್ಕೆ ಬೇರೆ ವಿಷಯವೇ ಇರಲಿಲ್ಲ.

ನಮ್ಮ ಬೀದಿ ಮುಗಿದ ಕಡೆ ಒಂದು ಬಯಲು. ಮೋರಿ ಕೆಲಸಕ್ಕೆಂದು ಗುತ್ತಿಗೆದಾರರು ಅಲ್ಲಿ ಸಿಮೆಂಟಿನ ದೊಡ್ಡ ಪೈಪುಗಳನ್ನು ತಂದು ಇಳಿಸಿದ್ದರು. ಒಳಗೆ ಒಬ್ಬರು ಬೆನ್ನು ನೆಟ್ಟಗೆ ಮಾಡಿ ಕೂರುವಷ್ಟು ದೊಡ್ಡವು. ಕಾಲುವೆ ತೋಡುವಷ್ಟರಲ್ಲಿ ಮಳೆ ಹಿಡಿಯಿತು, ಕೆಲಸ ನಿಂತಿತು, ಪೈಪುಗಳು ಹಾಗೇ ಉಳಿದವು. ಅವುಗಳೊಳಗೆ ಇಪ್ಪತ್ತಮೂರು ಸಂಸಾರ. ಪಾವಗಡದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮನೆ ಏಳುವವರೆಗೆ ಆ ಸೈಟಿನ ಶೆಡ್ಡಿನಲ್ಲಿ ಇರುತ್ತಿದ್ದರು. ಮನೆ ಮುಗಿದು ಗೃಹಪ್ರವೇಶವಾದರೆ ಶೆಡ್ಡು ಕಿತ್ತುಹಾಕುತ್ತಾರೆ, ಇವರು ಬೀದಿಗೆ. ನಮ್ಮ ಮನೆಗೆ ಗಾರೆ ಹೊತ್ತವಳು ನಮ್ಮ ಮನೆಯಿಂದ ಕೂಗಳತೆಯಲ್ಲಿ ಪೈಪಿನೊಳಗೆ ಮಲಗುತ್ತಿದ್ದಳು ಎನ್ನುವುದು ನನಗೆ ಗೊತ್ತಾದದ್ದೇ ಕಮಲಮ್ಮನವರಿಂದ.

ಕಮಲಮ್ಮನವರು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಕರೀ ಕೊಡೆ. ಬಡಾವಣೆಯ ಹೆಂಗಸರನ್ನು ಸೇರಿಸಿ ಒಂದು ಸಮಾಜ ಕಟ್ಟಿದ್ದರು. ಶುಕ್ರವಾರ ಭಜನೆ, ಮಂಗಳವಾರ ಹೊಲಿಗೆ. ಆಷಾಢದಲ್ಲಿ ಒಂದು ದಿನ ಯಾರೋ ಪೈಪಿನವರಿಗೆ ಹಳೇ ಸೀರೆ ಹಂಚೋಣ ಎಂದರು. ಕಮಲಮ್ಮನವರು ಕನ್ನಡಕ ತೆಗೆದು ಎಲ್ಲರನ್ನೂ ಒಮ್ಮೆ ನೋಡಿದರು. ಸೀರೆ ಹಂಚುವುದು ನಮ್ಮ ಪೆಟ್ಟಿಗೆ ಖಾಲಿ ಮಾಡಿಕೊಳ್ಳುವ ಉಪಾಯ ಎಂದರು. ಈ ಊರಿನಲ್ಲಿ ಧರ್ಮಾಸ್ಪತ್ರೆ ಇದೆ, ಹೆರಿಗೆ ಆಸ್ಪತ್ರೆ ಇದೆ, ಮಕ್ಕಳಿಗೆ ಶಾಲೆ ಇದೆ, ಸಿಡುಬಿಗೆ ದಾಕು ಹಾಕುವವರಿದ್ದಾರೆ. ಎಲ್ಲವೂ ಪುಕ್ಕಟೆ. ಆದರೂ ಪೈಪಿನವರು ಅವುಗಳ ಬಾಗಿಲಿಗೆ ಹೋಗುವುದಿಲ್ಲ, ಹೋದರೂ ಜವಾನನ ಗದರಿಕೆಗೆ ಹಿಂದಿರುಗುತ್ತಾರೆ. "ನಾವೇನೂ ಕೊಡೋದು ಬೇಡ. ಜೊತೇಲಿ ಹೋಗೋಣ. ಬಾಗಿಲು ದಾಟೋವರೆಗೆ ಪಕ್ಕದಲ್ಲಿ ನಿಂತಿರೋಣ. ಯಾರು ಬರ್ತೀರಿ ಹೇಳಿ."

ಮೊದಲು ಕೈ ಎತ್ತಿದವಳು ನಾನು. ಸೇವೆ ಗೀವೆ ಎಂದು ನನಗೇನೂ ಹೊಳೆದಿರಲಿಲ್ಲ. ಮನೆಯಿಂದ ಹೊರಗೆ ಕಾಲಿಡಲು ಒಂದು ನೆಪ ಸಿಕ್ಕಿತಲ್ಲ ಎನ್ನುವುದೇ ಮುಖ್ಯವಾಗಿತ್ತು.

ಮೊದಲ ದಿನ ನಾವು ಪುಸ್ತಕ, ಪೆನ್ಸಿಲು ಹಿಡಿದು ಬಯಲಿಗೆ ಹೋದೆವು. ಹೆಸರೇನು, ಎಷ್ಟು ಜನ ಎಂದು ಕೇಳಲು ಶುರುಮಾಡಿದ್ದೇ ತಡ, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಪೈಪಿನ ಆ ಬಾಯಿಂದ ಹೊರಬಿದ್ದು ಓಡಿದರು. ಐದು ನಿಮಿಷದಲ್ಲಿ ಬಯಲು ಖಾಲಿ. ಉಳಿದವಳು ಒಬ್ಬಳೇ ಮುದುಕಿ, ಒಲೆಯ ಮುಂದೆ ಕೂತಿದ್ದಳು. ಅವಳೇ ತಿಮ್ಮಕ್ಕ. ಭಿಕ್ಷುಕರನ್ನು ಹಿಡಿದೊಯ್ಯುವ ವ್ಯಾನು ಬರುವ ಮೊದಲೂ ಹೀಗೇ ಯಾರೋ ಪುಸ್ತಕ ಹಿಡಿದು ಬಂದಿದ್ದರಂತೆ, ಬೇರೆ ಕಡೆ. ದುಡಿದು ತಿನ್ನುವವರನ್ನೂ ಅದರಲ್ಲಿ ತುಂಬಿದರು ಎಂದು ಅವರ ನಂಬಿಕೆ. ನೀನ್ಯಾಕೆ ಓಡಲಿಲ್ಲ ಎಂದು ಕೇಳಿದೆ. ಸಾರು ಕುದೀತಾ ಐತಲ್ಲ ತಾಯಿ ಎಂದಳು.

ಅಂದಿನಿಂದ ಪುಸ್ತಕ ಕಮಲಮ್ಮನವರ ಚೀಲ ಸೇರಿತು. ನಾವು ಮಾತಾಡಿಸುತ್ತಾ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು, ಆಚೆ ಹೊಂಗೆ ಮರದ ಹಿಂದೆ ಹೋಗಿ ಬರೆದುಕೊಳ್ಳುತ್ತಿದ್ದೆವು. ನನಗೆ ಎಷ್ಟೋ ಸಲ ನಗು ತಡೆಯುತ್ತಿರಲಿಲ್ಲ. ಆದರೆ ಕೆಲಸ ಹತ್ತಿತು. ಶ್ರಾವಣ ಮುಗಿಯುವಷ್ಟರಲ್ಲಿ ಇಬ್ಬರು ಬಸುರಿಯರನ್ನು ಹೆರಿಗೆ ಆಸ್ಪತ್ರೆಗೆ ಸೇರಿಸಿದ್ದೆವು, ಒಂಬತ್ತು ಮಕ್ಕಳು ಸ್ಲೇಟು ಹಿಡಿದಿದ್ದವು. ಕಣ್ಣು ಮಂಜಾದ ಗಾರೆ ಕೆಲಸದ ಗಂಗಣ್ಣನನ್ನು ಕಣ್ಣಾಸ್ಪತ್ರೆಗೆ ನಾನೊಬ್ಬಳೇ ಕರೆದುಕೊಂಡು ಹೋಗಿ ಬಂದಿದ್ದೆ. ಜವಾನರೊಡನೆ ಜಗಳ ಕಾಯುವುದರಲ್ಲಿ ಸಮಾಜದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಒಂದೇ ಒಂದು ತೊಡಕು ಎಲ್ಲ ಕಡೆಯೂ ಎದುರಾಗುತ್ತಿತ್ತು. ವಿಳಾಸ. ಆಸ್ಪತ್ರೆಯ ಚೀಟಿಗೆ ವಿಳಾಸ ಬೇಕು, ಶಾಲೆಯ ದಾಖಲೆಗೆ ಬೇಕು, ಮತ್ತೆ ಬನ್ನಿ ಎಂದು ಕಾಗದ ಹಾಕಲು ಬೇಕು. ನಮ್ಮ ಮನೆಗಳ ವಿಳಾಸ ಕೊಡಕೂಡದೆಂದು ಸಮಾಜದಲ್ಲಿ ಮೊದಲೇ ತೀರ್ಮಾನವಾಗಿತ್ತು. ಗಂಡಂದಿರು ಒಪ್ಪುವುದಿಲ್ಲ, ಅತ್ತೆಯರು ಕೇಳುವುದೇ ಬೇಡ. ಆಗ ನನ್ನ ತಲೆಗೆ ಹೊಳೆಯಿತು: ಪೈಪುಗಳಿಗೇ ನಂಬರು ಹಾಕಿದರೆ? ಮನೆಯ ಕಿಟಕಿಗೆ ಬಳಿದು ಉಳಿದ ನೀಲಿ ಬಣ್ಣದ ಡಬ್ಬ ಇತ್ತು. ಒಂದು ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದರಿಂದ ಇಪ್ಪತ್ತಮೂರರವರೆಗೆ, ಪೈಪಿನ ನೆತ್ತಿಯ ಮೇಲೆ ಗೇಣುದ್ದದ ಅಂಕಿ ಬರೆದೆ. ಕಮಲಮ್ಮನವರು ಕೊಡೆ ಊರಿ ನಿಂತು ನೋಡಿದರು. "ಶಾರದಾ, ಉರುಳೋ ಮನೆಗೆ ನಂಬರ್ ಬರೀತಿದೀಯಲ್ಲೇ," ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪೋಸ್ಟ್‌ಮನ್ ಖಾದರ್ ಸಾಹೇಬರು ಸೈಕಲ್ಲಿನಿಂದ ಇಳಿದು ಗಂಭೀರವಾಗಿ ಇಪ್ಪತ್ತಮೂರನ್ನೂ ಎಣಿಸಿಕೊಂಡರು. ನಂಬರೂ ಹೆಸರೂ ಇದ್ದರೆ ಸಾಕು, ನಾನು ತಲುಪಿಸುತ್ತೇನೆ ಎಂದರು. ಹದಿನೈದು ದಿನಕ್ಕೆ ಮೊದಲ ಕಾರ್ಡು ಬಂತು, ನಾಲ್ಕನೇ ನಂಬರಿನ ಗಂಗಣ್ಣನಿಗೆ, ಕಣ್ಣಾಸ್ಪತ್ರೆಯಿಂದ. ಇಡೀ ಬಯಲು ಅವನ ಸುತ್ತ ನೆರೆದಿತ್ತು. ಅವನು ಆ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ. ಮರುದಿನ ಬೆಳಿಗ್ಗೆ ನೋಡಿದರೆ ಪ್ರತಿ ಪೈಪಿನ ಮುಂದೂ ಸಾರಿಸಿ ರಂಗೋಲಿ ಎಳೆದಿದ್ದರು. ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದು ಯಜಮಾನರಿಗೆ ಅದನ್ನೇ ಮೂರು ಸಲ ಹೇಳಿದೆ. ಮೂರನೆಯ ಸಲ ಅವರು ನಿದ್ದೆ ಹೋಗಿದ್ದರು.

ಒಂಬತ್ತನೇ ನಂಬರಿನಲ್ಲಿ ತಿಮ್ಮಕ್ಕ ಮತ್ತು ಅವಳ ಸೊಸೆ ಎಲ್ಲಮ್ಮ. ತಿಮ್ಮಕ್ಕನ ಮಗ ಕೋಲಾರದ ಕಡೆ ಕೆಲಸ ಹುಡುಕಿಕೊಂಡು ಹೋದವನು ಎರಡು ವರ್ಷವಾದರೂ ಹಿಂದಿರುಗಿರಲಿಲ್ಲ. ಮಗ ಬಿಟ್ಟು ಹೋದ ಸೊಸೆಯನ್ನು ಅತ್ತೆ ಬಿಟ್ಟಿರಲಿಲ್ಲ. ಎಲ್ಲಮ್ಮ ನನ್ನ ಓರಗೆಯವಳು. ನಮ್ಮ ಮನೆಗೆ ಗಾರೆ ಹೊತ್ತವಳು ಇವಳೇ. ಗೌರಿ ಹಬ್ಬದ ಹೊತ್ತಿಗೆ ಅವಳ ಕೆಮ್ಮು ಬಯಲಿನ ಈ ತುದಿಗೆ ಕೇಳುತ್ತಿತ್ತು. ಒಂದು ದಿನ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು, ಸೆರಗನ್ನು ಬೇಗನೆ ಮಡಚಿಕೊಂಡಳು. ನಾನು ಕೈ ಹಿಡಿದು ಬಿಡಿಸಿ ನೋಡಿದೆ. ಕೆಂಪು ಕಲೆ.

ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದು ಕ್ಷಯ, ಊರಿನ ಆ ಬದಿಯ ದೊಡ್ಡಾಸ್ಪತ್ರೆಗೆ ಸೇರಿಸಬೇಕು ಎಂದರು. ಈಗ ಸೂಜಿಮದ್ದು ಬಂದಿದೆ, ಸೇರಿಸಿದರೆ ಉಳಿಯುತ್ತಾಳೆ, ಪೈಪಿನಲ್ಲೇ ಇದ್ದರೆ ಬರುವ ಚಳಿಗಾಲ ದಾಟುವುದಿಲ್ಲ. ಆದರೆ ಮಂಚ ಖಾಲಿಯಿಲ್ಲ, ಸರದಿ ಬಂದಾಗ ಕಾಗದ ಬರುತ್ತದೆ, ಹೇಳಿದ ಗಳಿಗೆಗೆ ಹಾಜರಾಗದಿದ್ದರೆ ಮುಂದಿನವರಿಗೆ ಹೋಗುತ್ತದೆ ಎಂದರು. ಗುಮಾಸ್ತ ವಿಳಾಸ ಕೇಳಿದ. ಪೈಪ್ ನಂಬರ್ ಒಂಬತ್ತು, ರಾಜಾಜಿನಗರ ಎಂದು ಗತ್ತಿನಿಂದ ಬರೆಸಿದೆ. ನಾನು ಮಾಡಿದ ತಪ್ಪು ಇದೇ. ಮಣ್ಣಿಗೆ ಇಳಿಸಲಿಕ್ಕೆಂದೇ ತಂದ ಪೈಪಿನ ಮೇಲಿನ ಅಂಕಿಗೆ ಒಂದು ಹೆಣ್ಣಿನ ಜೀವವನ್ನು ಕಟ್ಟಿ ಬಂದೆ, ಅದೂ ಬೀಗುತ್ತಾ.

ದಸರೆಗೆ ಯಜಮಾನರು ಮೈಸೂರಿಗೆ ಕರೆದುಕೊಂಡು ಹೋದರು. ಎಂಟು ದಿನ ಕಳೆದು ಹಿಂದಿರುಗಿ, ಮಂಗಳವಾರ ಸಂಜೆ ಬಸ್ಸಿಳಿದು ಬಯಲಿನ ಕಡೆ ನೋಡಿದೆ. ಒಂದು ಪೈಪೂ ಇಲ್ಲ. ಇದ್ದ ಜಾಗದಲ್ಲಿ ಉದ್ದಕ್ಕೆ ಮುಚ್ಚಿದ ಹಸಿ ಮಣ್ಣು. ಮಳೆ ನಾಲ್ಕು ದಿನ ಬಿಡುವು ಕೊಟ್ಟಿತಂತೆ, ಗುತ್ತಿಗೆದಾರ ಆಳುಗಳನ್ನು ದುಪ್ಪಟ್ಟು ಮಾಡಿ ಕೆಲಸ ಮುಗಿಸಿಬಿಟ್ಟ. ಕೆಲಸ ಮುಗಿದ ದಿನವೇ ಮತ್ತೆ ಮಳೆ ಹೊಯ್ಯಿತು, ಪೈಪಿನವರು ಆ ಮಳೆಯಲ್ಲೇ ಗಂಟು ಕಟ್ಟಿಕೊಂಡು ಹೊರಟರು. ಅದರ ಮರುದಿನ ಭಿಕ್ಷುಕರ ವ್ಯಾನೂ ಆ ರಸ್ತೆಯಲ್ಲಿ ಸುತ್ತಿ ಹೋಯಿತಂತೆ. ಕಮಲಮ್ಮನವರು ಜ್ವರದಿಂದ ಮಲಗಿದ್ದರು. ಯಾರು ಎಲ್ಲಿಗೆ ಹೋದರೆಂದು ಅವರಿಗೂ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಖಾದರ್ ಸಾಹೇಬರು ನಮ್ಮ ಬಾಗಿಲಿಗೆ ಬಂದರು. ಟೋಪಿ ಕೈಯಲ್ಲಿ ಹಿಡಿದಿದ್ದರು. "ಒಂಬತ್ತನೇ ನಂಬರ್ಗೆ ಕಾಗ್ದ ಬಂದದೆಯಮ್ಮ. ಆದ್ರೆ ಒಂಬತ್ತನೇ ನಂಬರ್ ಭೂಮಿ ಒಳಗದೆ. ಏನ್ ಮಾಡ್ಲಿ ಹೇಳಿ." ಒಡೆದು ನೋಡಿದೆ. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಹಾಜರಾಗಬೇಕು. ಅಂದರೆ ಮಾರನೆಯ ದಿನವೇ.

ಊಟ ಬಿಟ್ಟು ಹೊರಟೆ. ಅತ್ತೆ ಎಲ್ಲಿಗೆ ಎಂದು ಕೇಳಿದರು, ಸಮಾಜದ ಕೆಲಸ ಎಂದೆ. ಮರ ಕೊಯ್ಯುವ ಮಿಲ್ಲಿನ ಹಿಂದೆ ಗಂಗಣ್ಣನ ಸಂಸಾರ ಗೋಣಿಪಟ್ಟೆ ಕಟ್ಟಿಕೊಂಡಿತ್ತು. ಅವನ ಹೆಂಡತಿ ಗೌರವ್ವ ನನ್ನನ್ನು ಕಂಡರೆ ಎದ್ದು ಬರುತ್ತಿದ್ದವಳು, ಅಂದು ಮುಖ ತಿರುಗಿಸಿದಳು. ಎಲ್ಲಮ್ಮ ಎಲ್ಲಿ ಎಂದರೆ ಗೊತ್ತಿಲ್ಲ. ತಿಮ್ಮಕ್ಕ? ಗೊತ್ತಿಲ್ಲ. ಹಿಂದಿನ ಬೀದಿಯಲ್ಲಿದ್ದ ಇನ್ನೆರಡು ಸಂಸಾರದವರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬಳು ನೆಲ ನೋಡುತ್ತಾ ಹೇಳಿದಳು, ಸರ್ಕಾರದ ಕಾಗದ ಹಿಡಿದುಕೊಂಡು ಬಂದಿದ್ದೀರಿ, ನೀವು ನಂಬರು ಬರೆದ ಮೇಲೆ ತಾನೇ ವ್ಯಾನು ಬಂದದ್ದು. ಕೆನ್ನೆಗೆ ಹೊಡೆದ ಹಾಗಾಯಿತು. ಮೂರು ತಿಂಗಳು ಇವರಿಗಾಗಿ ಓಡಾಡಿದ್ದೆ. ತಿರುಗಿ ಬಂದು ಗೌರವ್ವನ ಒಲೆಯ ಪಕ್ಕ ಕೂತುಬಿಟ್ಟೆ. ಅಳು ಬಂತು, ಅತ್ತುಬಿಟ್ಟೆ. ನಾಚಿಕೆಯೇನೂ ಇಲ್ಲ.

ಅವಳಿಗೂ ಏನೋ ಅನ್ನಿಸಿರಬೇಕು, ಕುಡಿಯಲು ಬಿಸಿನೀರು ಕಾಯಿಸಲು ಒಲೆ ಕೆದಕಿದಳು. ಕಟ್ಟಿಗೆ ಹಸಿ, ಹೊಗೆಯೇ ಹೊಗೆ. ಊದುತ್ತಾ ತನ್ನಷ್ಟಕ್ಕೇ ಅಂದಳು, ನಿಂಗಿಯ ಬೆಂಕಿ ಸೋಮಾರಿ ಬೆಂಕಿ ಅಂತ. ನಿಂಗಿಯೂ ಪೈಪಿನವಳೇ, ಅವಳ ಬೆಂಕಿ ಎಂದರೇನು ಎಂದು ಕೇಳಿದೆ. ಮೂಗು ಒರೆಸಿಕೊಳ್ಳುತ್ತಾ ಸುಮ್ಮನೆ ಕೇಳಿದ್ದು. ಆಗ ಅವಳು ಹೇಳಿದಳು. ಅವರಲ್ಲಿ ಹೊಸ ಜಾಗಕ್ಕೆ ಹೋದರೆ ಮೊದಲ ಒಲೆಯನ್ನು ಕಡ್ಡಿ ಗೀರಿ ಹಚ್ಚುವಂತಿಲ್ಲ. ತಮ್ಮವರ ಉರಿಯುವ ಒಲೆಯಿಂದ ಕೆಂಡ ತರಬೇಕು, ಎಷ್ಟು ದೂರವಾದರೂ ಸರಿ, ಬೂದಿ ತುಂಬಿದ ಕುಡಿಕೆಯಲ್ಲಿ. ಅದು ಯಾರ ಬೆಂಕಿ ಎಂದು ಯಾರು ಕೇಳಿದರೂ ಕೊಟ್ಟವರ ಹೆಸರು, ಅವರ ಒಲೆಯಿರುವ ಜಾಗ ಹೇಳಬೇಕು. ಮುಚ್ಚಿಟ್ಟರೆ ಆ ಒಲೆಯ ಮೇಲೆ ಅನ್ನ ಬೇಯುವುದಿಲ್ಲ. ಹೊರಟ ದಿನದ ಮಳೆಗೆ ಎಲ್ಲರ ಒಲೆಯೂ ಆರಿತ್ತಂತೆ. ಒಬ್ಬಳ ಕುಡಿಕೆಯ ಕೆಂಡ ಮಾತ್ರ ಉಳಿದಿತ್ತು. ಯಾರದು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸಾರು ಕುದಿಯುತ್ತಿದೆ ಎಂದು ಓಡದೆ ಕೂತವಳು ಒಬ್ಬಳೇ ಅಲ್ಲವೇ.

ಎಲ್ಲಮ್ಮ ಎಲ್ಲಿ ಎಂದು ಕೇಳುವುದನ್ನು ಬಿಟ್ಟೆ. "ಗೌರವ್ವಾ, ನಿಂಗಿ ಒಲೆ ಎಲ್ಲಿದೆ?" ಅಂದೆ. ಅವಳು ನಾಲಿಗೆ ಕಚ್ಚಿಕೊಂಡಳು. ಊದುಗೊಳವೆ ಕೆಳಗಿಟ್ಟಳು. ಆಮೇಲೆ, ಕೇಳಿದ ಮೇಲೆ ಹೇಳಲೇಬೇಕಲ್ಲ ಎಂದು ಮಾಗಡಿ ರಸ್ತೆಯ ದೊಡ್ಡ ಆಲದ ಮರದ ಕಡೆ ಕೈ ತೋರಿಸಿದಳು.

ಆಲದ ಮರದ ಕೆಳಗೆ ನಿಂಗಿಯನ್ನು ಕಂಡೆ. ನಮಸ್ಕಾರ ಹೇಳಿ, ಇದು ಯಾರ ಬೆಂಕಿ ಎಂದೆ. ಅವಳು ಬೆಪ್ಪಾಗಿ ನನ್ನ ಮುಖ ನೋಡಿ, ಮೂಡಲಪಾಳ್ಯದ ಇಟ್ಟಿಗೆ ಗೂಡಿನ ಹತ್ತಿರ ಇರುವ ಹನುಮಕ್ಕನದು ಎಂದಳು. ಅಲ್ಲಿಂದ ಮುಂದೆ ರಸ್ತೆಯೇ ಇಲ್ಲ, ರಾಗಿ ಹೊಲದ ಬದು. ಈಗ ವಿಜಯನಗರ ಎಂದು ಬಸ್ಸು ಕಿಕ್ಕಿರಿಯುವ ಕಡೆ ಆಗ ಮೊಣಕಾಲುದ್ದ ಪೈರು, ಮಧ್ಯೆ ಜಾರುವ ಕೆಸರು. ಎರಡು ಸಲ ಬಿದ್ದೆ. ಮದುವೆಯಲ್ಲಿ ಕೊಟ್ಟ ಚಪ್ಪಲಿಯ ಉಂಗುಷ್ಟ ಕಿತ್ತು, ಅದನ್ನು ಕೈಯಲ್ಲಿ ಹಿಡಿದು ನಡೆದೆ. ಗೂಡಿನ ಹತ್ತಿರ ಹನುಮಕ್ಕ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಯಾರ ಬೆಂಕಿ ಹನುಮಕ್ಕಾ ಎಂದೆ. ತಿಮ್ಮಕ್ಕನದು, ಅತ್ತಿಗುಪ್ಪೆ ಕೆರೆ ಏರಿ ಮೇಲಿನ ಮಂಟಪದಲ್ಲಿದ್ದಾಳೆ ಎಂದಳು. ಹೇಳಿದ ಮೇಲೆ ಭಯವಾಗಿ, ಅಮ್ಮಾರೆ ಅವಳನ್ನ ವ್ಯಾನಿಗೆ ಕೊಡ್ತೀರಾ ಎಂದು ಕೇಳಿದಳು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಹೊತ್ತು ಇಳಿಯುವಷ್ಟರಲ್ಲಿ ಮಂಟಪ ಸೇರಿದೆ. ಕಲ್ಲುಗಂಬದ ಮೂಲೆಯಲ್ಲಿ ಎಲ್ಲಮ್ಮ ಗೋಣಿ ಹೊದ್ದು ಮಲಗಿದ್ದಳು. ಎಂಟು ದಿನದಲ್ಲಿ ಕಣ್ಣು ಇನ್ನೂ ಒಳಗೆ ಹೋಗಿತ್ತು. ನನ್ನನ್ನು ನೋಡಿ ನಕ್ಕಳು, ಕಾಗದ ನೋಡಿ ನಗು ನಿಲ್ಲಿಸಿದಳು. ನಾನು ಕಾಗದವನ್ನು ಅಕ್ಷರ ಬಿಡದೆ ಓದಿ ಹೇಳಿದೆ. ತಿಮ್ಮಕ್ಕ ಒಲೆಗೆ ಕಡ್ಡಿ ಸರಿಸುತ್ತಾ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಳಕ್ಕೆ ಬಿಡಾಕೆ ನೀವು ಬತ್ತೀರಿ ತಾಯಿ, ಅದು ಗೊತ್ತು. ಒಳಕ್ಕೆ ಎಲ್ರೂ ಬಿಡ್ತಾರೆ. ವಾಸಿ ಆದ್ಮೇಲೆ ಹೊರಕ್ಕೆ ಕರ್ಕೊಂಬರೋರು ಯಾರು? ನಮ್ಮಂತೋರ ಕೈಗೆ ಕೊಟ್ಟಾರಾ ಅವ್ರು?"

"ನಾನು ಬರ್ತೀನಿ ತಿಮ್ಮಕ್ಕ. ನಾನೇ ಕರ್ಕೊಂಡ್ ಬರ್ತೀನಿ."

ಅವಳು ಸೊಸೆಯ ಕಡೆ ನೋಡಿ, ತಲೆ ಬಾಚ್ಕೊ, ಬೆಳಿಗ್ಗೆ ಹೋಗಬೇಕು ಎಂದಳು. ಅಷ್ಟೇ.

ಮರುದಿನ ಅವರಿಬ್ಬರೂ ಮಾಗಡಿ ರಸ್ತೆಗೆ ನಡೆದು ಬಂದರು. ಸಿಟಿ ಬಸ್ಸಿನಲ್ಲಿ ಎಲ್ಲಮ್ಮ ಕೆಮ್ಮಿದಾಗಲೆಲ್ಲ ಜನ ದೂರ ಸರಿದರು, ನಮಗೆ ಆರಾಮವಾಗಿ ಸೀಟು ಸಿಕ್ಕಿತು. ಇನ್ನೊಂದು ಬಸ್ಸು ಹಿಡಿದು ಆಸ್ಪತ್ರೆಯ ಗೇಟು ತಲುಪಿದಾಗ ಹನ್ನೊಂದೂವರೆ. ಗುಮಾಸ್ತ ಕಾಗದ ನೋಡಿದ, ಎಲ್ಲಮ್ಮನನ್ನು ನೋಡಿದ, ನಮ್ಮ ಮೂವರ ಕೆಸರು ಕಾಲುಗಳನ್ನು ನೋಡಿದ. ಈ ವಿಳಾಸ ಎಲ್ಲಿದೆ ಎಂದ. ಈಗ ಇಲ್ಲ ಎಂದೆ. ಹಾಗಾದರೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂದ. ರೋಗಿಯನ್ನು ಬಿಟ್ಟು ಹೋಗಿ ವಾಸಿಯಾದ ಮೇಲೂ ತಿರುಗಿ ನೋಡದವರು ಬೇಕಾದಷ್ಟು ಜನರಿದ್ದಾರೆ, ಕರೆದುಕೊಂಡು ಹೋಗುವವರ ಹೆಸರು, ಮನೆ ವಿಳಾಸ, ಸಹಿ ಮೂರೂ ಬೇಕು ಎಂದ. ಅವನದೂ ತಪ್ಪಲ್ಲ. ತಿಮ್ಮಕ್ಕ ನನ್ನನ್ನೇ ನೋಡುತ್ತಿದ್ದಳು. ಸಮಾಜದ ತೀರ್ಮಾನ ನೆನಪಿಗೆ ಬಂತು, ಅತ್ತೆಯ ಮುಖ ನೆನಪಿಗೆ ಬಂತು. ನಮ್ಮ ಮನೆಯ ನಂಬರು ಬರೆದು ಸಹಿ ಹಾಕಿದೆ. ನರ್ಸ್ ಬಂದು ಎಲ್ಲಮ್ಮನನ್ನು ಒಳಗೆ ಕರೆದುಕೊಂಡು ಹೋದಳು. ಅವಳು ಬಾಗಿಲ ಬಳಿ ಒಮ್ಮೆ ನಿಂತು ಹಿಂದಿರುಗಿ ನೋಡಿದಳು, ಅತ್ತೆಯನ್ನೋ ನನ್ನನ್ನೋ ಗೊತ್ತಾಗಲಿಲ್ಲ.

ಮನೆಗೆ ಬಂದು ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅತ್ತೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರು. ಮನೆಗೆ ಆ ರೋಗ ತರುತ್ತೀಯಾ, ವಂಶ ಬೆಳೆಯಬೇಕಾದ ಮನೆ ಇದು, ಯಾರನ್ನು ಕೇಳಿ ಸಹಿ ಹಾಕಿದೆ ಎಂದರು. ತಮ್ಮ ತಂಗಿ ಅದೇ ರೋಗದಲ್ಲಿ ಹಿತ್ತಲ ಕೋಣೆಯಲ್ಲಿ ಹೋದಳು, ರೋಗದ ಹೆಸರು ಹೇಳಿದರೆ ಮನೆತನಕ್ಕೆ ಕೆಟ್ಟದ್ದು ಎಂದು ಯಾರೂ ಡಾಕ್ಟರನ್ನು ಕರೆಯಲಿಲ್ಲ ಎಂದು ಅಂದೇ ಮೊದಲ ಸಲ ಹೇಳಿದರು. ಅದನ್ನು ಹೇಳುತ್ತಾ ಹೇಳುತ್ತಾ ಸ್ವರ ತಗ್ಗಿತು. ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಯಜಮಾನರು ಇಬ್ಬರ ನಡುವೆ ಸುದ್ದಿ ಸಾಗಿಸಿದರು.

ಕಮಲಮ್ಮನವರು ಮಾತ್ರ ಸಮಾಜದ ಸಭೆಯಲ್ಲಿ ಎದ್ದು ನಿಂತು, ಶಾರದಾ ನಮ್ಮ ತೀರ್ಮಾನ ಮುರಿದಿದ್ದಾಳೆ, ಒಳ್ಳೆಯದಾಯಿತು, ಇನ್ನು ಮೇಲೆ ಆ ತೀರ್ಮಾನ ಇಲ್ಲ ಎಂದರು. ಅಂದಿನಿಂದ ಒಂದೊಂದು ಸಂಸಾರಕ್ಕೆ ನಮ್ಮಲ್ಲಿ ಒಬ್ಬೊಬ್ಬರ ಮನೆಯ ವಿಳಾಸ. ಅವರನ್ನು ಹುಡುಕಬೇಕಾದಾಗ ನಾವು ನಂಬರು ಕೇಳುತ್ತಿರಲಿಲ್ಲ, ಯಾರ ಬೆಂಕಿ ಎಂದು ಕೇಳುತ್ತಿದ್ದೆವು. ಆಮೇಲಿನ ಹತ್ತು ವರ್ಷ ಆ ಕೆಲಸ ಬಿಡದೆ ನಡೆಯಿತು. ಎಲ್ಲಮ್ಮ ಕೊನೆಗೆ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆದಳು. ಜವಾನರೊಡನೆ ಜಗಳ ಕಾಯುವುದರಲ್ಲಿ ನನ್ನನ್ನೂ ಮೀರಿಸಿದಳು. ಇದಕ್ಕೆಲ್ಲ ನನಗೆ ಹೆಮ್ಮೆ ಇದೆ. ಆದರೆ ಎಲ್ಲಕ್ಕಿಂತ ದೊಡ್ಡ ಹೆಮ್ಮೆ ನಾನು ಮಾಡದೇ ಇದ್ದ ಒಂದು ಕೆಲಸದ್ದು.

ಆಸ್ಪತ್ರೆಯಿಂದ, ಬಂದು ಕರೆದುಕೊಂಡು ಹೋಗಿ ಎಂಬ ಕಾಗದ ಬಂದದ್ದು ಹನ್ನೊಂದು ತಿಂಗಳಾದ ಮೇಲೆ. ಆಗ ನಾನು ಮಾಗಡಿಯಲ್ಲಿ, ತಾಯಿಯ ಮನೆಯಲ್ಲಿ, ಮೊದಲ ಹೆರಿಗೆಗೆ ಹೋಗಿದ್ದೆ. ಮಗಳು ಹುಟ್ಟಿ ಐದು ದಿನವಾಗಿತ್ತು. ತಿಮ್ಮಕ್ಕನಿಗೆ ಕೊಟ್ಟ ಮಾತು ತಪ್ಪಿತು ಎನ್ನುವುದು ಕೂಡ ನನಗೆ ಗೊತ್ತಾಗಲಿಲ್ಲ. ಕಾಗದದ ವಿಷಯವನ್ನೇ ಯಾರೂ ನನಗೆ ತಿಳಿಸಿರಲಿಲ್ಲ.

ನಾಮಕರಣದ ದಿನ ಅತ್ತೆ ಬಂದರು. ಮಗುವನ್ನು ಎತ್ತಿಕೊಂಡು, ತೊಟ್ಟಿಲು ಶಾಸ್ತ್ರ ಮುಗಿಸಿ, ಎಲ್ಲರೂ ಊಟಕ್ಕೆದ್ದ ಮೇಲೆ ನನ್ನ ಕೋಣೆಗೆ ಬಂದು ಕೂತರು. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಯಾವುದೋ ಹಳೆಯ ಸುದ್ದಿ ಹೇಳುವ ಹಾಗೆ ಶುರು ಮಾಡಿದರು. ಮಗ ಕೆಲಸಕ್ಕೆ ಹೋಗಿದ್ದ, 'ಆ ಪೋಸ್ಟಿನವನು' ಕಾಗದ ಓದಿ ಹೇಳಿದ, ಎರಡು ದಿನದೊಳಗೆ ಬರದಿದ್ದರೆ ಬೇರೆಲ್ಲಿಗೋ ಕಳಿಸುತ್ತಾರೆ ಎಂದು ಬರೆದಿತ್ತು. ಬಸ್ಸಿನ ನಂಬರನ್ನು ಅವನ ಹತ್ತಿರವೇ ಕೇಳಿಕೊಂಡು ಹೊರಟರಂತೆ. ಒಬ್ಬರೇ ಬಸ್ಸು ಹತ್ತಿದವರಲ್ಲ ನಮ್ಮತ್ತೆ. ಸೊಸೆಯನ್ನು ನೋಡಲು ಬಂದ ತಿಮ್ಮಕ್ಕ ಆಸ್ಪತ್ರೆಯ ಗೇಟಿನ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದಳಂತೆ, ಒಳಗೆ ಬಿಟ್ಟಿರಲಿಲ್ಲ. ಇಬ್ಬರೂ ಹೋಗಿ ಗುಮಾಸ್ತನ ಮುಂದೆ ನಿಂತರು.

"ನೀವು ಅವಳಿಗೆ ಏನಾಗ್ಬೇಕು ಅಂದ. ಅತ್ತೆ ಅಂದೆ. ಹಾಗಾದ್ರೆ ಇವರ್ಯಾರು ಅಂದ, ಆ ತಿಮ್ಮಕ್ಕನ್ನ ತೋರ್ಸಿ. ಅವಳೂ ಅತ್ತೆ, ಬರ್ಕೋ ಅಂದೆ."

ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಎಲ್ಲಮ್ಮ ಈಗ ಎಲ್ಲಿದ್ದಾಳೆ ಎಂದು ಕೇಳಿದೆ.

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು.

"ಎಲ್ಲಿದಾಳೆ ಅಂದ್ರೇನೇ? ಮನೇಲಿದಾಳೆ. ಅವಳಿಗೆ ಹೊಗೆ ಆಗಲ್ಲ, ಒಲೆ ಮುಂದೆ ಕೂರ್ಬೇಡ ಅಂತ ಹೇಳಿ ಬಂದಿದೀನಿ."